ಚಿವಿತಾ ದಿ ಬಾನ್ಯೊರೆಜೊ: ಸವೆಯುತ್ತಿರುವ ಬೆಟ್ಟದೂರನ್ನು ನೋಡುವ ಬಗೆ

ಇಟಲಿಯ ಲಾಜಿಯೊ ಪ್ರಾಂತ್ಯದಲ್ಲಿರುವ ಚಿವಿತಾಕ್ಕೆ ರೈಲು ಮಾರ್ಗವಿಲ್ಲ. ರೋಮ್‌ನಿಂದ ಓರ್ವಿಯೆತೊವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಾನ್ಯೊರೆಜೊ ಪಟ್ಟಣಕ್ಕೆ ಬಸ್ಸು ಹಿಡಿಯಬೇಕು. ಬಸ್ಸುಗಳು ಕಡಿಮೆಯಾದ್ದರಿಂದ ಹಿಂದಿರುಗುವ ವೇಳೆಯನ್ನು ಮೊದಲೇ ತಿಳಿದುಕೊಳ್ಳಿ.

ಚಿವಿತಾಕ್ಕೆ ಒಯ್ಯುವ ಸೇತುವೆಗೆ ಇಳಿಯುವ ಮುನ್ನ ಬಾನ್ಯೊರೆಜೊದ ಅಂಚಿನ ವೀಕ್ಷಣಾ ಸ್ಥಳದಲ್ಲಿ ತುಸು ಹೊತ್ತು ನಿಲ್ಲಲೇಬೇಕು, ಏಕೆಂದರೆ ಚಿವಿತಾದ ಇತಿಹಾಸವೆಲ್ಲ ಅದರ ನೆಲದಲ್ಲಿದೆ. ಮೇಲ್ಭಾಗದಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡು ಆದ ಟಫ್ ಶಿಲೆಯಿದ್ದರೆ, ಅದರಡಿಯಲ್ಲಿ ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಜೇಡಿಮಣ್ಣಿದೆ. ಮಳೆಯೂ ತೊರೆಗಳೂ ಈ ಮಣ್ಣನ್ನು ಕೊರೆದಂತೆಲ್ಲ ಆಧಾರ ತಪ್ಪಿದ ಬಂಡೆ ಮನೆಗಳ ಸಮೇತ ಕಣಿವೆಗೆ ಕುಸಿಯುತ್ತ ಬಂದಿದೆ. ಸುತ್ತಲಿನ ಬೋಳು ಜೇಡಿ ದಿಣ್ಣೆಗಳು ಆ ಸವೆತದ ಗುರುತುಗಳೇ. 1695ರ ಭೂಕಂಪದ ಬಳಿಕ ಆಡಳಿತವೂ ಬಿಷಪ್ ಪೀಠವೂ ಬಾನ್ಯೊರೆಜೊಗೆ ಸ್ಥಳಾಂತರಗೊಂಡವು. ಇಂದು ವರ್ಷವಿಡೀ ಚಿವಿತಾದಲ್ಲಿ ನೆಲೆಸಿರುವವರು ಬೆರಳೆಣಿಕೆಯಷ್ಟು ಮಂದಿ.

ಪ್ರವೇಶ ಶುಲ್ಕ ಕೊಟ್ಟು, 1960ರ ದಶಕದ ಕಾಂಕ್ರೀಟ್ ಕಾಲುಸೇತುವೆಯನ್ನು ನಡೆದೇ ದಾಟಬೇಕು. ಕೊನೆಯ ಏರು ಕಡಿದಾಗಿರುವುದರಿಂದ ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಸಾಂತಾ ಮರಿಯಾ ದ್ವಾರದ ಮೂಲಕ ಒಳಹೊಕ್ಕರೆ ಸಾನ್ ದೊನಾತೊ ಚೌಕ ಮತ್ತು ಅದೇ ಹೆಸರಿನ ಚರ್ಚ್ ಸಿಗುತ್ತವೆ. ಹಿಂದೆ ಇದು ಬಿಷಪ್ಪರ ಪ್ರಧಾನ ಚರ್ಚಾಗಿತ್ತು. ಹದಿಮೂರನೆಯ ಶತಮಾನದ ದಾರ್ಶನಿಕ ಸಂತ ಬೊನಾವೆಂತೂರಾ ಹುಟ್ಟಿದ್ದು ಇಲ್ಲಿಯೇ. ಅವರ ಮನೆಯಿದ್ದ ಜಾಗ ಬಹುಕಾಲದ ಹಿಂದೆಯೇ ಕಣಿವೆಯ ಪಾಲಾಗಿದೆ. ಹೆಚ್ಚಿನ ಪ್ರವಾಸಿಗರು ಚೌಕದಿಂದಲೇ ಮರಳುತ್ತಾರಾದರೂ, ದಯವಿಟ್ಟು ಪೂರ್ವದ ತುದಿಯವರೆಗೂ ನಡೆಯಿರಿ. ರೋಮನ್ನರಿಗೂ ಮುನ್ನ ಇಲ್ಲಿದ್ದ ಎಟ್ರಸ್ಕನ್ನರ ಕಾಲದಿಂದ ಬಂಡೆಯಲ್ಲಿ ಕೊರೆದ ಗುಹೆಗಳೂ ಸುರಂಗವೂ ಇರುವುದು ಆ ಬದಿಯಲ್ಲಿ.