ಟೀಮ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್, ವಾಯ್ಸ್‌ಮೇಲ್: ನಾನು ಸೆಟ್ ಮಾಡಿಕೊಂಡ ರೀತಿ

ಪೀಣ್ಯದಲ್ಲಿ ಏರ್ ಕಂಪ್ರೆಸರ್ ಸರ್ವಿಸ್ ಮಾಡುವ ಒಂದು ಕಂಪನಿಯಲ್ಲಿ ನಾನು ಸರ್ವಿಸ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಹಳೇ ಇಪಿಎಬಿಎಕ್ಸ್ (ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್) ತೆಗೆದು ಆಫೀಸ್ ನಂಬರನ್ನು ಇಂಟರ್ನೆಟ್‌ನಲ್ಲಿ ಕಾಲ್, ಮೀಟಿಂಗ್ ಮಾಡುವ ಆ್ಯಪ್ ಆದ ಮೈಕ್ರೋಸಾಫ್ಟ್ ಟೀಮ್ಸ್‌ಗೆ ಹಾಕಿಸಿಕೊಂಡಾಗ, ಫಾರ್ವರ್ಡಿಂಗ್ ಮತ್ತು ವಾಯ್ಸ್‌ಮೇಲ್ (ಯಾರೂ ಎತ್ತದಿದ್ದಾಗ ಕಾಲ್ ಮಾಡಿದವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದು) ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಸೆಟ್ಟಿಂಗ್ ಹುಡುಕುವುದೇನೂ ಕಷ್ಟವಿಲ್ಲ. ಕಷ್ಟ ಇರುವುದು ಬೇರೆ ಕಡೆ. ನಮ್ಮ ಗ್ರಾಹಕರು ವಾಯ್ಸ್‌ಮೇಲ್‌ನಲ್ಲಿ ಮಾತಾಡುವುದೇ ಇಲ್ಲ. "ಹಲೋ? ಹಲೋ?" ಅಂತಾರೆ, ಇಟ್ಟುಬಿಡ್ತಾರೆ, ಮತ್ತೆ ಮಾಡ್ತಾರೆ. ಅದಕ್ಕೇ ವಾಯ್ಸ್‌ಮೇಲನ್ನು ಕಟ್ಟಕಡೆಗೆ ಇಟ್ಟೆ. ಅದಕ್ಕೂ ಮುಂಚೆ ಯಾರಾದರೂ ಒಬ್ಬರು ಫೋನ್ ಎತ್ತಬೇಕು, ಅಷ್ಟೆ.

ಟೀಮ್ಸ್‌ನ ಸೆಟ್ಟಿಂಗ್ಸ್ ಒಳಗೆ ಕಾಲ್ಸ್ ಅಂತ ಒಂದು ಭಾಗ ಇದೆ. ಅಲ್ಲಿ ಎರಡು ದಾರಿ. ಬಂದ ಕಾಲನ್ನೆಲ್ಲ ನೇರವಾಗಿ ಬೇರೆ ಕಡೆ ಕಳಿಸುವುದು ಒಂದು. ನಮಗೂ ರಿಂಗ್ ಆಗಲಿ, ಜೊತೆಗೆ ಇನ್ನೊಂದು ಕಡೆಯೂ ರಿಂಗ್ ಆಗಲಿ ಅನ್ನುವುದು ಇನ್ನೊಂದು. ಹೆಚ್ಚಿನವರು ಮೊದಲನೆಯದನ್ನೇ ಆರಿಸಿ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ನಾನು ಎರಡನೆಯದನ್ನು ಹಿಡಿದೆ. ಕಾರಣ ಇದು: ಕಾಲ್ ಪೂರ್ತಿ ಮೊಬೈಲ್‌ಗೆ ಹೋಯಿತು ಅಂದರೆ ಅದರ ಮೇಲೆ ಟೀಮ್ಸ್‌ಗೆ ಹಿಡಿತ ಇರುವುದಿಲ್ಲ. ಮೊಬೈಲ್ ಸ್ವಿಚ್ ಆಫ್ ಆಗಿದ್ದರೆ ಗ್ರಾಹಕರಿಗೆ ಕೇಳಿಸುವುದು ಸಿಮ್ ಕಂಪನಿಯ ಹೆಂಗಸಿನ ದನಿ, ನಮ್ಮ ವಾಯ್ಸ್‌ಮೇಲ್ ಅಲ್ಲ. ಎರಡೂ ಕಡೆ ಒಟ್ಟಿಗೆ ರಿಂಗ್ ಆಗುತ್ತಿದ್ದರೆ, ಯಾರೂ ಎತ್ತದಿದ್ದಾಗ ಏನು ಮಾಡಬೇಕು ಅನ್ನುವ ನಿಯಮ ನಮ್ಮ ಕೈಯಲ್ಲೇ ಉಳಿಯುತ್ತದೆ.

ಹಗಲು ಹೊತ್ತು ನನ್ನ ಜೊತೆಗೆ ಕಾಲ್ ಗ್ರೂಪ್, ಅಂದರೆ ನಾನು ಆರಿಸಿದ ಸಹೋದ್ಯೋಗಿಗಳ ಪಟ್ಟಿಗೂ ರಿಂಗ್ ಆಗುತ್ತದೆ. ಸ್ಪೇರ್ಸ್ ನೋಡುವವರು, ಬಿಲ್ಲಿಂಗ್‌ನವರು ಅದರಲ್ಲಿದ್ದಾರೆ. ಸಂಜೆ ಹೊರಡುವಾಗ ಅದನ್ನು ಡ್ಯೂಟಿಯಲ್ಲಿರುವ ಇಂಜಿನಿಯರ್ ಕೈಯಲ್ಲಿರುವ ಡ್ಯೂಟಿ ಮೊಬೈಲ್‌ಗೆ ಬದಲಿಸುತ್ತೇನೆ. ಮೊಬೈಲ್‌ನಲ್ಲೂ ಟೀಮ್ಸ್ ಆ್ಯಪ್ ಹಾಕಿದರೆ ಸಾಲದೇ ಅಂತ ನಮ್ಮ ಸಾರ್ ಕೇಳಿದರು. ಆ್ಯಪ್‌ಗೆ ಡೇಟಾ ಬೇಕು. ನಮ್ಮ ಇಂಜಿನಿಯರ್‌ಗಳು ಮಂಡ್ಯ ಕಡೆಯ ಆಲೆಮನೆ, ಸಕ್ಕರೆ ಕಾರ್ಖಾನೆ ಅಂತ ಸುತ್ತುವವರು. ಅಲ್ಲಿ ಎಷ್ಟೋ ಕಡೆ ಮಾಮೂಲಿ ಕಾಲ್ ಬರುತ್ತದೆ, ನೆಟ್ ಬರುವುದಿಲ್ಲ.

ಹೊರಗಿನ ನಂಬರ್ ಹಾಕುವ ಆಯ್ಕೆ ಕೆಲವರಿಗೆ ಕಾಣಿಸುವುದೇ ಇಲ್ಲ. ಆಗ ನಿಮ್ಮ ಲ್ಯಾಪ್‌ಟಾಪ್ ಮೇಲೆ ಸಿಟ್ಟು ಬೇಡ. ಅಡ್ಮಿನ್ ಕಡೆಯ ಕಾಲಿಂಗ್ ಪಾಲಿಸಿಯಲ್ಲಿ (ಯಾರಿಗೆ ಯಾವ ಕಾಲ್ ಸೌಲಭ್ಯ ಅಂತ ಐಟಿಯವರು ಇಡುವ ಸೆಟ್ಟಿಂಗ್) ಅದನ್ನು ಮುಚ್ಚಿರುತ್ತಾರೆ. ನಮ್ಮ ದೇಶದಲ್ಲಿ ಇಂಟರ್ನೆಟ್ ಕಾಲನ್ನೂ ಮಾಮೂಲಿ ಫೋನ್ ಲೈನನ್ನೂ ಬೆರೆಸುವುದಕ್ಕೆ ಟೋಲ್ ಬೈಪಾಸ್ (ಕಾಲನ್ನು ಇಂಟರ್ನೆಟ್ ಮೇಲೆ ಸಾಗಿಸಿ ಫೋನ್ ಕಂಪನಿಯ ಶುಲ್ಕ ತಪ್ಪಿಸುವುದು) ತಡೆಯುವ ನಿಯಮಗಳಿವೆ, ಹಾಗಾಗಿ ಐಟಿಯವರು ಹುಷಾರಾಗಿರುತ್ತಾರೆ. ಅವರನ್ನು ಕೇಳಿಯೇ ಮುಂದುವರಿಯಿರಿ.

ಎಷ್ಟು ಸೆಕೆಂಡು ರಿಂಗ್ ಆಗಬೇಕು ಅನ್ನುವುದರ ಮೇಲೆ ನಮ್ಮಲ್ಲಿ ಜಾಸ್ತಿನೇ ವಾದ ಆಯಿತು. ಟೀಮ್ಸ್ ತಾನಾಗಿ ಇಡುವುದು 20. ಬೈಕ್ ಓಡಿಸುತ್ತಿರುವವನು ಪಕ್ಕಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಜೇಬಿಗೆ ಕೈ ಹಾಕುವಷ್ಟರಲ್ಲಿ 20 ಮುಗಿದಿರುತ್ತದೆ. 60 ಇಡಿ ಅಂದರು ಒಬ್ಬರು. ಆದರೆ 2019ರ ನವೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಾಡಿದ ನಿಯಮದ ಪ್ರಕಾರ ಎತ್ತದ ಮೊಬೈಲ್ ರಿಂಗ್ ಆಗುವುದು 30 ಸೆಕೆಂಡು, ಲ್ಯಾಂಡ್‌ಲೈನ್ ಆದರೆ 60. ಮೊಬೈಲ್ ಸುಮ್ಮನಾದ ಮೇಲೂ ಗ್ರಾಹಕರನ್ನು ಕಾಯಿಸಿ ಏನು ಪ್ರಯೋಜನ? 30ಕ್ಕೆ ನಿಲ್ಲಿಸಿದೆ. ನಮ್ಮ ಕಡೆಯ 'ಟ್ರಿಂಗ್ ಟ್ರಿಂಗ್' ಒಂದು ಸುತ್ತಿಗೆ 3 ಸೆಕೆಂಡು ಹಿಡಿಯುತ್ತದೆ. ಅಂದರೆ ಹತ್ತು ಸಲ ಬಡಿದ ಮೇಲೆ ವಾಯ್ಸ್‌ಮೇಲ್.

ಈಗ ಆ "ಹಲೋ ಹಲೋ" ಸಮಸ್ಯೆ. ವಾಯ್ಸ್‌ಮೇಲ್‌ನ ಗ್ರೀಟಿಂಗನ್ನು, ಅಂದರೆ ಬೀಪ್‌ಗೆ ಮುಂಚೆ ಕೇಳಿಸುವ ಮಾತನ್ನು, ಟೈಪ್ ಮಾಡಿದರೆ ಟೀಮ್ಸೇ ಓದಿ ಹೇಳುವ ಸೌಲಭ್ಯ ಇದೆ. ಹರಿಹರದಿಂದ ಫೋನ್ ಮಾಡುವ ಫೋರ್‌ಮನ್‌ಗೆ ಆ ಇಂಗ್ಲಿಷ್ ಏನೂ ಹಿಡಿಸುವುದಿಲ್ಲ ಅಂತ ನಾನೇ ರೆಕಾರ್ಡ್ ಮಾಡಿದೆ. ಮೊದಲ ಮಾತೇ ಹೀಗೆ: "ಇದು ರೆಕಾರ್ಡ್ ಮಾಡಿದ ಮಾತು, ನಾವು ಈಗ ಫೋನ್ ಹತ್ತಿರ ಇಲ್ಲ." ಹಾಗೆ ಹೇಳದೆ ನಮಸ್ಕಾರ ಅಂತ ಶುರು ಮಾಡಿದರೆ ಆ ಕಡೆಯವರೂ ನಮಸ್ಕಾರ ಹೇಳಿ ಮಷೀನಿನ ಕಥೆ ತೆಗೆಯುತ್ತಾರೆ. ಆಮೇಲೆ, "ಬೀಪ್ ಆದ ಮೇಲೆ ನಿಮ್ಮ ಫ್ಯಾಕ್ಟರಿ ಹೆಸರು, ಊರು, ಮಷೀನ್ ನಿಂತಿದೆಯೋ ಓಡ್ತಿದೆಯೋ ಹೇಳಿ, ನಾವೇ ಫೋನ್ ಮಾಡ್ತೀವಿ." ಇಷ್ಟೇ. ಮೂರು ಪ್ರಶ್ನೆ ಕೇಳಿದ್ದಕ್ಕೇ ಜನ ಮಾತಾಡಲು ಶುರು ಮಾಡಿದರು. "ಮೆಸೇಜ್ ಬಿಡಿ" ಅಂದರೆ ಯಾರೂ ಬಿಡುವುದಿಲ್ಲ, ನೋಡಿ. ರಜೆಗೆ ಬೇರೆ ಗ್ರೀಟಿಂಗ್ ಇಡಬಹುದು. ಔಟ್‌ಲುಕ್‌ನಲ್ಲಿ ರಜೆಯ ಆಟೋ ರಿಪ್ಲೈ ಹಾಕಿದರೆ ಅದೇ ಕೇಳಿಸುವ ಹಾಗೆ ಮಾಡಬಹುದು. ಆಯುಧಪೂಜೆಗೆ ನಾನು ಅದನ್ನೇ ಬಳಸುತ್ತೇನೆ.

ಮೆಸೇಜುಗಳು ಮೇಲ್‌ಬಾಕ್ಸ್‌ಗೆ ಆಡಿಯೋ ಆಗಿ ಬರುತ್ತವೆ, ಜೊತೆಗೆ ಬರಹವೂ ಇರುತ್ತದೆ. ಕನ್ನಡದಲ್ಲಿ ಹೇಳಿದ್ದನ್ನು ಅದು ಏನೇನೋ ಇಂಗ್ಲಿಷ್ ಮಾಡಿಬಿಡುತ್ತದೆ. ಬರಹ ಓದುವ ಗೋಜಿಗೆ ಹೋಗದೆ ಆಡಿಯೋ ಕೇಳುತ್ತೇನೆ.

ಇನ್ನೊಂದು ಮಾತು ಡ್ಯೂಟಿ ಮೊಬೈಲ್ ಬಗ್ಗೆ. ಆ ಸಿಮ್‌ನಲ್ಲೇ ಬೇರೆ ಫಾರ್ವರ್ಡಿಂಗ್ ಆನ್ ಇದ್ದರೆ ಕಾಲ್ ಎಲ್ಲೋ ಹೋಗಿ ಕೂರುತ್ತದೆ. ಸ್ಟಾರ್ 401 ಹ್ಯಾಶ್ ಒತ್ತಿ ಅಂತ ಹೇಳಿ, ಜನರ ಕಾಲನ್ನು ತಮ್ಮ ನಂಬರಿಗೆ ತಿರುಗಿಸಿಕೊಂಡು ಮೋಸ ಮಾಡುವವರು ಹೆಚ್ಚಾದ್ದರಿಂದ, ಹಾಗೆ ಕೋಡ್ ಒತ್ತಿ ಫಾರ್ವರ್ಡ್ ಮಾಡುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶಿಸಿತ್ತು. ಹಾಗಾಗಿ ಕೋಡ್ ಒತ್ತುವ ಬದಲು ಫೋನಿನ ಕಾಲ್ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಫಾರ್ವರ್ಡಿಂಗ್ ಆಫ್ ಇದೆಯಾ ಅಂತ ನೋಡಿಕೊಂಡರೆ ಸಾಕು.

ಎಲ್ಲ ಮುಗಿದ ಮೇಲೆ ಬೇರೆ ಫೋನಿನಿಂದ ಆಫೀಸ್ ನಂಬರಿಗೆ ಕಾಲ್ ಮಾಡಿ ನೋಡಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಸಲ, ಡ್ಯೂಟಿ ಮೊಬೈಲ್ ಆಫ್ ಮಾಡಿ ಒಂದು ಸಲ, ಟೀಮ್ಸ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ ಒಂದು ಸಲ. ಕೊನೆಯದರಲ್ಲಿ ನನ್ನ ಕಡೆ ರಿಂಗೇ ಆಗುವುದಿಲ್ಲ. ಮೀಟಿಂಗ್‌ನಲ್ಲಿ ಅದನ್ನು ಹಾಕಿ ತೆಗೆಯಲು ಮರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ. ಹಾಗಾಗಿ ಅದರಲ್ಲಿರುವ ಪ್ರಯಾರಿಟಿ ಪಟ್ಟಿಗೆ ಡೆಸ್ಕ್‌ನವರ ಹೆಸರು ಸೇರಿಸಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳಿದ್ದೇನೆ. ಡು ನಾಟ್ ಡಿಸ್ಟರ್ಬ್ ಇದ್ದರೂ ನಮ್ಮ ಕಾಲ್ ಅವರಿಗೆ ಮುಟ್ಟುತ್ತದೆ.