ಸ್ಕಾರ್‌ಫೇಸ್ ಗೊಂಬೆಯ ಹಿಂದೆ ಬಿಲ್ ಹೇಡರ್‌ನನ್ನು ಕೂರಿಸಿದ್ದು

ಬ್ಯಾಟ್‌ಮನ್ ಖಳರಲ್ಲಿ ನನಗೆ ಜೋಕರ್‌ಗಿಂತ ಜಾಸ್ತಿ ಇಷ್ಟ ಆರ್ನಾಲ್ಡ್ ವೆಸ್ಕರ್. ವೆಂಟ್ರಿಲೊಕ್ವಿಸ್ಟ್, ಅಂದರೆ ತುಟಿ ಅಲ್ಲಾಡಿಸದೆ ಗೊಂಬೆಯನ್ನು ಮಾತಾಡಿಸುವವನು, ಅಂತಲೇ ಅವನ ಹೆಸರು ನಿಂತಿದೆ. 1988ರಲ್ಲಿ ಡಿಟೆಕ್ಟಿವ್ ಕಾಮಿಕ್ಸ್‌ನ 583ನೇ ಸಂಚಿಕೆಯಲ್ಲಿ ಮೊದಲು ಬಂದ. ಬೋಳುತಲೆ, ಕನ್ನಡಕ, ಯಾರಾದರೂ ಗದರಿದರೆ ಮುದುಡಿಕೊಳ್ಳುವ ಸ್ವಭಾವ. ಅವನ ಕೈಯಲ್ಲಿರುವ ಮರದ ಗೊಂಬೆ ಸ್ಕಾರ್‌ಫೇಸ್ ಮಾತ್ರ ಹಳೇ ಕಾಲದ ಗ್ಯಾಂಗ್‌ಸ್ಟರ್, ಗೆರೆಗೆರೆ ಸೂಟು, ಹ್ಯಾಟು, ಪುಟ್ಟ ಮೆಷಿನ್ ಗನ್. ಗ್ಯಾಂಗ್ ನಡೆಸುವುದು ಗೊಂಬೆ, ಬೈಸಿಕೊಳ್ಳುವುದು ಮನುಷ್ಯ.

ಈ ಪಾತ್ರಕ್ಕೆ ಅಮೆರಿಕದ ಹಾಸ್ಯನಟ ಬಿಲ್ ಹೇಡರ್‌ನನ್ನು ನನ್ನ ಕಲ್ಪನೆಯಲ್ಲೇ ಹಾಕಿ ಒಂದು ಪೋಸ್ಟರ್, ಒಂದು ನಿಮಿಷದ ವಿಡಿಯೊ ಮಾಡಿದೆ.

ಮೊದಲೆಲ್ಲ ನಾನು ಉಲ್ಟಾ ಮಾಡುತ್ತಿದ್ದೆ. ಇಷ್ಟದ ಹಾಸ್ಯನಟನನ್ನು ಹಿಡಿದು, ಮುಖಕ್ಕೆ ಬಣ್ಣ ಬಳಿದು, ಗಹಗಹಿಸಿ ನಗುವ ಖಳನನ್ನಾಗಿ ಮಾಡುವುದು. ಹಾಗೆ ಮಾಡಿದ ಮೂರು ಪೋಸ್ಟರ್ ಅಳಿಸಿದೆ. ಈ ಸಲ ಪಾತ್ರ ಮೊದಲು, ನಟ ಆಮೇಲೆ. ವೆಸ್ಕರ್‌ಗೆ ಬೇಕಾದದ್ದು ಎರಡು ದನಿ, ಮತ್ತೆ ಗೊಂಬೆ ಮಾತಾಡುವಾಗ ಸುಮ್ನೆ ಕೂತು ಕೇಳಿಸಿಕೊಳ್ಳುವ ಮುಖ.

ದನಿಯ ಬಗ್ಗೆ ಯೋಚನೆಯೇ ಇರಲಿಲ್ಲ. 2005ರಿಂದ 2013ರವರೆಗೆ ಸ್ಯಾಟರ್‌ಡೇ ನೈಟ್ ಲೈವ್ ಅನ್ನುವ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ಹೇಡರ್ ಮಾಡಿದ ಮಿಮಿಕ್ರಿ ನೋಡಿದವರಿಗೆ ಗೊತ್ತು. ಮುಖಕ್ಕಾಗಿ, ಅವನು ಬಾಡಿಗೆ ಕೊಲೆಗಾರನಾಗಿ ನಟಿಸಿದ ಬ್ಯಾರಿ ಸರಣಿಯನ್ನು ಮತ್ತೆ ಹಾಕಿಕೊಂಡು, ದನಿ ಪೂರ್ತಿ ಬಂದ್ ಮಾಡಿ, ಎದುರಿನವರು ಮಾತಾಡುವಾಗ ಅವನ ಕಣ್ಣು ಏನು ಮಾಡುತ್ತದೆ ಅನ್ನುವುದನ್ನಷ್ಟೇ ನೋಡುತ್ತಾ ಹೋದೆ. ನಗಿಸುವವರಿಗೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ಗೊತ್ತಿರುತ್ತದೆ. ಆ ಮೌನವನ್ನೇ ಸ್ವಲ್ಪ ಎಳೆದರೆ ಹೆದರಿಕೆ ಶುರುವಾಗುತ್ತದೆ. ಬಾಯಿ ಮುಚ್ಚಿರುವ ಫ್ರೇಮ್‌ಗಳನ್ನು ಮಾತ್ರ ಆರಿಸಿಕೊಂಡೆ.

ವಿಡಿಯೊಗೆ ದನಿ ನನ್ನದೇ, ಕನ್ನಡದಲ್ಲೇ. ಕನ್ನಡಿ ಮುಂದೆ ಕೂತು ತುಟಿ ಅಲ್ಲಾಡಿಸದೆ ಮಾತಾಡಿ ನೋಡಿದೆ. ಕ, ಗ, ತ, ದ, ನ, ಲ ಎಲ್ಲ ಬಂತು. ಪ, ಬ, ಮ ಬರಲಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪ ಫ ಬ ಭ ಮ, ಆ ಸಾಲು ಪೂರ್ತಿ ತುಟಿ ಸೇರದೆ ಹುಟ್ಟುವುದೇ ಇಲ್ಲ ಅಲ್ವಾ? ಕಾಮಿಕ್ಸ್‌ನವರು ಹಿಡಿದಿರುವುದೂ ಇದನ್ನೇ. ಸ್ಕಾರ್‌ಫೇಸ್‌ಗೆ ಬ ಬರುವುದಿಲ್ಲ, ಬ್ಯಾಟ್‌ಮನ್‌ಗೆ ಗ್ಯಾಟ್‌ಮನ್ ಅನ್ನುತ್ತಾನೆ. ಓದುವಾಗೆಲ್ಲ ನನಗೆ ಅದು ತಮಾಷೆ. ನಾನೂ ಹಾಗೇ 'ಬಾರೋ ಬೇಗ' ಅನ್ನುವುದನ್ನು 'ಗಾರೋ ಗೇಗ' ಅಂತ ರೆಕಾರ್ಡ್ ಮಾಡಿದೆ. ಮೂರನೇ ಸಲ ಕೇಳುವಾಗ ಹೊಳೆಯಿತು, ಈ ಗೊಂಬೆ ಅಪ್ಪ ಅನ್ನಲಾರದು. ಅಮ್ಮ ಅನ್ನಲಾರದು.

ಅಲ್ಲಿಂದ ವಿಡಿಯೊನೇ ಬದಲಾಯಿತು. ಬರೆದಿದ್ದ ಬೈಗುಳ, ಬೆದರಿಕೆ ಎಲ್ಲ ತೆಗೆದೆ. ಈಗ ಇರುವುದು ಇಷ್ಟೇ: ಗೊಂಬೆ 'ನನಗೆ ಆ ಶಬ್ದ ಕಲಿಸು' ಅನ್ನುತ್ತದೆ, ಆದರೆ ಕೇಳಿಸುವುದು 'ನನಗೆ ಆ ಶಗ್ದ ಕಲಿಸು'. ವೆಸ್ಕರ್ ತುಟಿ ಸೇರುತ್ತದೆ, ದನಿ ಬರುವುದಿಲ್ಲ. ಅಲ್ಲಿ ಹೇಡರ್ ಮುಖ ಆರು ಸೆಕೆಂಡ್ ಹಾಗೇ ನಿಲ್ಲುತ್ತದೆ.

ತೋರಿಸಿದಾಗ ಗೆಳೆಯನೊಬ್ಬ, ನಗಿಸುವವನಿಗೆ ಯಾರು ಹೆದರುತ್ತಾರೆ ಅಂದ. ಹಾಸ್ಯ ಪಾತ್ರಗಳಿಂದ ಹೆಸರಾಗಿದ್ದ ನಟ ಮೈಕಲ್ ಕೀಟನ್‌ಗೂ ಜನ ಅದನ್ನೇ ಅಂದಿದ್ದರು. ಅವನನ್ನು ಬ್ಯಾಟ್‌ಮನ್ ಮಾಡುತ್ತಾರೆ ಅಂತ ಗೊತ್ತಾದಾಗ ಚಿತ್ರ ಕಂಪನಿ ವಾರ್ನರ್ ಬ್ರದರ್ಸ್‌ಗೆ ಸುಮಾರು 50,000 ವಿರೋಧದ ಪತ್ರ ಬಂದವು ಅಂತ ಹೇಳುತ್ತಾರೆ. ಚಿತ್ರ 1989ರಲ್ಲಿ ಬಂತು, ಗೆದ್ದಿತು. ಅದೇ ಕೀಟನ್ 2017ರ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ವಲ್ಚರ್ ಅನ್ನುವ ಖಳನಾಗಿ ಕಾರು ಓಡಿಸುತ್ತಾ, ಹಿಂದೆ ಕೂತ ಹುಡುಗನೇ ಸ್ಪೈಡರ್‌ಮ್ಯಾನ್ ಅಂತ ಕನ್ನಡಿಯಲ್ಲಿ ನೋಡುತ್ತಲೇ ಅರ್ಥ ಮಾಡಿಕೊಳ್ಳುವ ದೃಶ್ಯವನ್ನು ಗೆಳೆಯನಿಗೆ ಹಾಕಿ ತೋರಿಸಿದೆ. ಅಲ್ಲೂ ಹೆದರಿಸುವುದು ಮುಖ, ಕಿರುಚಾಟ ಅಲ್ಲ.

ಪೋಸ್ಟರ್‌ನಲ್ಲಿ ಗೊಂಬೆ ಸ್ಪಷ್ಟ, ಹಿಂದಿರುವ ಹೇಡರ್ ಮಸುಕು. ಉಳಿದಿರುವುದು ಕೈ. ಗೊಂಬೆಯ ಬೆನ್ನೊಳಗೆ ಹೋಗುವ ಕೈಯ ಮಣಿಕಟ್ಟು ಎಲ್ಲಿಂದಲೋ ಅಂಟಿಸಿದ ಹಾಗೆ ಕಾಣುತ್ತಿದೆ. ನನ್ನ ಕೈಗೇ ಕೋಟಿನ ತೋಳು ಹಾಕಿ, ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದು ಮತ್ತೆ ಜೋಡಿಸಬೇಕು.