ದುಬಾರಿ ಐಶ್ಯಾಡೋ ಪ್ಯಾಲೆಟ್: ಕೊಟ್ಟ ಹಣಕ್ಕೆ ತಕ್ಕದ್ದನ್ನು ಆರಿಸುವುದು ಹೇಗೆ?

ಐಶ್ಯಾಡೋ ಪ್ಯಾಲೆಟ್ (ರೆಪ್ಪೆಗೆ ಹಚ್ಚುವ ಬಣ್ಣಗಳ ಪೆಟ್ಟಿಗೆ) ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ, ಅತಿ ಹೆಚ್ಚು ಹೊಳೆಯುವ ಬಣ್ಣಕ್ಕೆ ಬೆರಳು ತಾಗಿಸಿ ಅದನ್ನು ಮುಂಗೈ ಮೇಲೆ ಸವರಿ ನೋಡುವುದು. ಈ ಪರೀಕ್ಷೆಯಲ್ಲಿ ಸೋಲುವ ಪ್ಯಾಲೆಟ್ ಬಹಳ ಅಪರೂಪ. ಬೆರಳಿನ ಬಿಸಿ ಮತ್ತು ಜಿಡ್ಡಿನಿಂದಾಗಿ ಹೊಳಪಿನ ಚಕ್ಕೆಗಳು ಚರ್ಮಕ್ಕೆ ಚೆನ್ನಾಗಿ ಅಂಟಿಕೊಳ್ಳುವುದರಿಂದ ಸಾಧಾರಣ ಬೆಲೆಯ ಶಿಮ್ಮರ್ ಕೂಡ ಅಲ್ಲಿ ಸೊಗಸಾಗಿಯೇ ಕಾಣುತ್ತದೆ. ಎರಡು ಪ್ಯಾಲೆಟ್‌ಗಳ ನಡುವಿನ ನಿಜವಾದ ಅಂತರ ತಿಳಿಯುವುದು ಹೊಳಪಿಲ್ಲದ ಮ್ಯಾಟ್ ಬಣ್ಣಗಳಲ್ಲಿ. ಅದೂ ಬ್ರಷ್‌ನಿಂದ ಹಚ್ಚಿ ಅಂಚುಗಳನ್ನು ನಯವಾಗಿ ಬೆರೆಸಿದಾಗ. ಹೆಚ್ಚಿನ ಬೆಲೆ ತೆರುವುದಾದರೆ ಮೊದಲು ಮ್ಯಾಟ್‌ಗಳನ್ನು ಪರೀಕ್ಷಿಸಿಯೇ ತೆರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮನೆಯಲ್ಲಿರುವುದನ್ನು ತೆರೆದು ನೋಡಿ

ಅಂಗಡಿಗೆ ಹೋಗುವ ಮೊದಲು ನಿಮ್ಮಲ್ಲಿ ಈಗಾಗಲೇ ಇರುವ ಪ್ಯಾಲೆಟ್‌ಗಳನ್ನೆಲ್ಲ ಒಂದೆಡೆ ತೆರೆದಿಟ್ಟು, ಯಾವ ಬಣ್ಣಗಳು ತಗ್ಗಾಗಿವೆ, ಯಾವುವು ಕೊಂಡ ದಿನದಂತೆಯೇ ಉಳಿದಿವೆ ಎಂದು ನೋಡಿ. ನಾವು ಇಷ್ಟಪಡುತ್ತೇವೆ ಎಂದುಕೊಂಡ ಬಣ್ಣಗಳೇ ಬೇರೆ, ನಿಜವಾಗಿ ಬಳಸುವ ಬಣ್ಣಗಳೇ ಬೇರೆ ಎಂಬುದು ಹಲವರಿಗೆ ಇಲ್ಲಿಯೇ ಗೊತ್ತಾಗುತ್ತದೆ. ತಗ್ಗಾದ ಬಣ್ಣಗಳ ಪಟ್ಟಿ ಮಾಡಿಕೊಳ್ಳಿ. ಹೊಸ ಪ್ಯಾಲೆಟ್‌ನ ಬಣ್ಣಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು, ಯಾವುದನ್ನು ಖಂಡಿತ ಬಳಸುತ್ತೇನೆ, ಯಾವುದು ಈಗಾಗಲೇ ನನ್ನಲ್ಲಿದೆ, ಯಾವುದು ನೋಡಲು ಮಾತ್ರ ಚೆನ್ನ ಎಂದು ಮೂರು ಗುಂಪು ಮಾಡಿ. ಬಳಿಕ ಪ್ಯಾಲೆಟ್‌ನ ಬೆಲೆಯನ್ನು ಮೊದಲ ಗುಂಪಿನ ಬಣ್ಣಗಳ ಸಂಖ್ಯೆಯಿಂದ ಮಾತ್ರ ಭಾಗಿಸಿ. ಹದಿನೆಂಟು ಬಣ್ಣಗಳ ಪೆಟ್ಟಿಗೆಯಲ್ಲಿ ನಿಮಗೆ ಬೇಕಾದವು ನಾಲ್ಕೇ ಆಗಿದ್ದರೆ, ಅದಕ್ಕಿಂತ ಕಡಿಮೆ ಬೆಲೆಯ ನಾಲ್ಕು ಬಣ್ಣಗಳ ಪೆಟ್ಟಿಗೆಯೇ ನಿಜಕ್ಕೂ ಅಗ್ಗವಾಗಿರುವ ಸಾಧ್ಯತೆ ಹೆಚ್ಚು.

ತೂಕದ ಲೆಕ್ಕವನ್ನೂ ಇದೇ ಹಂತದಲ್ಲಿ ಮುಗಿಸಿಕೊಳ್ಳಬಹುದು. ದುಬಾರಿ ಬ್ರ್ಯಾಂಡ್‌ಗಳಲ್ಲಿ ತೂಕದ ವ್ಯತ್ಯಾಸ ಬಹಳ ದೊಡ್ಡದು. ಶನೆಲ್‌ನ ‘ಲೆ ಕಾತ್ರ್ ಓಂಬ್ರ್’ ಪೆಟ್ಟಿಗೆಯಲ್ಲಿ ನಾಲ್ಕು ಬಣ್ಣಗಳು ಸೇರಿ 2 ಗ್ರಾಂ ಇದ್ದರೆ, ವೃತ್ತಿಪರ ಮೇಕಪ್ ಕಲಾವಿದರು ಬಹಳವಾಗಿ ಬಳಸುವ ವೀಸಾರ್ಟ್‌ನ ಹನ್ನೆರಡು ಬಣ್ಣಗಳ ಪ್ಯಾಲೆಟ್‌ನಲ್ಲಿ ಒಟ್ಟು 24 ಗ್ರಾಂ, ಅಂದರೆ ಒಂದೊಂದು ಬಣ್ಣವೂ 2 ಗ್ರಾಂ ಇರುತ್ತದೆ. ದಿನವೂ ಹಲವರ ಮುಖಕ್ಕೆ ಬಣ್ಣ ಹಚ್ಚುವವರಿಗೆ ಈ ಲೆಕ್ಕ ನಿರ್ಣಾಯಕ. ಆದರೆ ತನಗಾಗಿ ಮಾತ್ರ ಬಳಸುವವರಲ್ಲಿ ಪುಡಿ ಮುಗಿಯುವ ಮೊದಲೇ ಅದರ ಅವಧಿ ಮುಗಿಯುವುದೇ ಹೆಚ್ಚು. ಆದ್ದರಿಂದ ಗ್ರಾಂ ಒಂದಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ಮನೆಬಳಕೆಯವರು ಅತಿಯಾಗಿ ಹಚ್ಚಿಕೊಳ್ಳಬೇಕಿಲ್ಲ.

ಹೆಚ್ಚುವರಿ ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳಿ

ಪುಡಿ ರೂಪದ ಐಶ್ಯಾಡೋಗಳಲ್ಲಿ ಬೆಲೆ ಯಾವುದೇ ಇರಲಿ, ಮೂಲ ಪದಾರ್ಥಗಳು ಬಹುಮಟ್ಟಿಗೆ ಒಂದೇ. ಟಾಲ್ಕ್ ಅಥವಾ ಅಭ್ರಕದ ತಳಹದಿ, ಪುಡಿಯನ್ನು ಹಿಡಿದಿಡುವ ಮೆಗ್ನೀಸಿಯಂ ಸ್ಟಿಯರೇಟ್‌ನಂಥ ಅಂಟುಕ, ಸ್ವಲ್ಪ ಸಿಲಿಕೋನ್ ಅಥವಾ ಎಣ್ಣೆ, ಮತ್ತು ಬಣ್ಣ. ಕಂದು, ಇಟ್ಟಿಗೆ ಕೆಂಪು, ಹಳದಿ, ಕಪ್ಪು ಬಣ್ಣಗಳನ್ನು ಕೊಡುವುದು ಕಬ್ಬಿಣದ ಆಕ್ಸೈಡ್‌ಗಳು. ಪದಾರ್ಥಗಳ ಪಟ್ಟಿಯಲ್ಲಿ ಅವು ಸಿಐ 77491, 77492, 77499 ಎಂಬ ಸಂಖ್ಯೆಗಳಲ್ಲಿ ಕಾಣಿಸುತ್ತವೆ. ಅಗ್ಗದ ಪೆಟ್ಟಿಗೆಯಲ್ಲಿಯೂ ದುಬಾರಿ ಪೆಟ್ಟಿಗೆಯಲ್ಲಿಯೂ ಇರುವುದು ಇವೇ. ಟಾಲ್ಕ್ ಇದೆ ಎಂಬ ಒಂದೇ ಕಾರಣಕ್ಕೆ ಒಂದು ಪ್ಯಾಲೆಟ್ ಕಳಪೆಯೆಂದು ತೀರ್ಮಾನಿಸುವುದು ಸರಿಯಲ್ಲ, ಟಾಲ್ಕ್ ಇಲ್ಲ ಎಂಬುದು ಗುಣಮಟ್ಟದ ಗುರುತೂ ಅಲ್ಲ. ವ್ಯತ್ಯಾಸ ಹುಟ್ಟುವುದು ಪುಡಿಯನ್ನು ಎಷ್ಟು ನುಣ್ಣಗೆ ಅರೆದಿದ್ದಾರೆ, ಬಣ್ಣದ ಕಣಗಳಿಗೆ ಸಿಲಿಕೋನ್‌ನಂಥ ಲೇಪನ ಕೊಟ್ಟಿದ್ದಾರೆಯೇ, ಅಂಟುಕದ ಪ್ರಮಾಣ ಹದವಾಗಿದೆಯೇ, ಪ್ಯಾನ್‌ಗೆ, ಅಂದರೆ ಪುಡಿ ಕೂರುವ ಪುಟ್ಟ ತಟ್ಟೆಗೆ, ತುಂಬುವಾಗ ಎಷ್ಟು ಒತ್ತಡ ಹಾಕಿದ್ದಾರೆ ಎಂಬ ವಿವರಗಳಲ್ಲಿ. ಇವು ಯಾವುವೂ ಲೇಬಲ್ಲಿನಲ್ಲಿ ಬರೆದಿರುವುದಿಲ್ಲ. ಹಚ್ಚಿ ನೋಡಿಯೇ ತಿಳಿಯಬೇಕು.

ಬ್ರ್ಯಾಂಡ್‌ನ ಹೆಸರೊಂದೇ ಭರವಸೆಯಲ್ಲ ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. 1972ರಲ್ಲಿ ಇಟಲಿಯಲ್ಲಿ ಆರಂಭವಾದ ಇಂಟರ್ಕೋಸ್‌ನಂಥ ತಯಾರಕ ಸಂಸ್ಥೆಗಳು ಅನೇಕ ಬ್ರ್ಯಾಂಡ್‌ಗಳಿಗೆ ಸೌಂದರ್ಯವರ್ಧಕಗಳನ್ನು ತಯಾರಿಸಿ ಕೊಡುತ್ತವೆ. ಲಾಂಕೋಮ್ ಮತ್ತು ಮೇಬಲಿನ್ ಎರಡರ ಒಡೆತನವೂ ಲೋರಿಯಲ್ ಸಮೂಹದ್ದೇ. ಇದರರ್ಥ ಎರಡರ ಪುಡಿಯೂ ಒಂದೇ ಎಂದಲ್ಲ. ಸೂತ್ರಗಳು ಬೇರೆ ಬೇರೆಯೇ ಇರಬಹುದು. ಆದರೆ ಒಳ್ಳೆಯ ಪುಡಿ ತಯಾರಿಸುವ ವಿದ್ಯೆ ದುಬಾರಿ ಹೆಸರುಗಳಿಗೆ ಮಾತ್ರ ಮೀಸಲಾಗಿಲ್ಲ ಎಂಬುದಂತೂ ಸ್ಪಷ್ಟ. ಭಾರವಾದ ಡಬ್ಬಿ, ದೊಡ್ಡ ಕನ್ನಡಿ, ಆಯಸ್ಕಾಂತದ ಮುಚ್ಚಳ ಇವುಗಳಿಗೂ ನೀವು ಹಣ ಕೊಡುತ್ತಿದ್ದೀರಿ. ಅವು ಕೊಡುವ ಸಂತೋಷವೂ ನಿಜವೇ, ಆದರೆ ಅದಕ್ಕಾಗಿ ಕೊಡುತ್ತಿದ್ದೇನೆ ಎಂಬ ಅರಿವು ಇರಬೇಕು.

ಹಾಗಾದರೆ ಹೆಚ್ಚಿನ ಬೆಲೆ ಯಾವುದಕ್ಕೆ ಸಲ್ಲುತ್ತದೆ? ನನ್ನ ಪ್ರಕಾರ ಎರಡಕ್ಕೆ. ಒಂದು, ತೇಪೆಯಾಗದೆ ಹರಡುವ ಗಾಢ ಮ್ಯಾಟ್ ಬಣ್ಣಗಳಿಗೆ. ಎರಡು, ನೋಡುವ ಕೋನ ಬದಲಾದಂತೆ ಬಣ್ಣ ಬದಲಿಸುವ ವಿಶೇಷ ಹೊಳಪುಗಳಿಗೆ. ಅಭ್ರಕದ ಚಕ್ಕೆಯ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ಅತಿ ತೆಳುವಾದ ಪದರವನ್ನು ಲೇಪಿಸಿದಾಗ, ಆ ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಬೆಳ್ಳಿಯಾಗಿಯೋ ಚಿನ್ನವಾಗಿಯೋ ನೀಲಿಯಾಗಿಯೋ ಹಿಂದಿರುಗುತ್ತದೆ. ಈ ಪದರಗಳು ಸಮನಾಗಿದ್ದಷ್ಟೂ ಬಣ್ಣ ಶುದ್ಧವಾಗಿರುತ್ತದೆ, ಅದನ್ನು ಸಾಧಿಸಲು ಖರ್ಚು ಹೆಚ್ಚು. ಮೂರು ನಾಲ್ಕು ಬಣ್ಣಗಳಿಗೆ ಹೊರಳುವ ಚಕ್ಕೆಗಳಂತೂ ಇನ್ನೂ ದುಬಾರಿ. ಇದಕ್ಕೆ ಪ್ರತಿಯಾಗಿ, ನಸುಗಂದು ಮತ್ತು ತಿಳಿ ಚಿನ್ನದ ಸಾದಾ ಶಿಮ್ಮರ್‌ಗಳಿಗೆ ಹೆಚ್ಚಿನ ಹಣ ಕೊಡಲು ಕಾರಣ ಕಡಿಮೆ. 2010ರಲ್ಲಿ ಅರ್ಬನ್ ಡಿಕೇ ಹೊರತಂದ ಹನ್ನೆರಡು ಬಣ್ಣಗಳ ‘ನೇಕೆಡ್’ ಪ್ಯಾಲೆಟ್ ಜನಪ್ರಿಯವಾದ ಮೇಲೆ ಆ ವರ್ಣಶ್ರೇಣಿ ಎಲ್ಲ ಬೆಲೆಗಳಲ್ಲಿಯೂ ಹೇರಳವಾಗಿ ಬಂದಿದೆ, ಅವುಗಳಲ್ಲಿ ಅನೇಕವು ಚೆನ್ನಾಗಿಯೂ ಇವೆ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ

ನಿಮ್ಮದೇ ಆದ ಎರಡು ಸ್ವಚ್ಛ ಬ್ರಷ್ ಮತ್ತು ಒಂದು ತುಂಡು ಬಿಳಿ ಕಾಗದ ತೆಗೆದುಕೊಂಡು ಹೋಗಿ. ಪರೀಕ್ಷೆಗೆಂದು ಇಟ್ಟಿರುವ ಟೆಸ್ಟರ್‌ಗಳನ್ನು ಕಣ್ಣಿಗೆ ಹಚ್ಚಲೇಬೇಡಿ. ಎಷ್ಟೋ ಜನರ ಬೆರಳು ತಾಗಿದ ಪುಡಿಯಿಂದ ಕಣ್ಣಿಗೆ ಸೋಂಕು ತಗಲುವ ಅಪಾಯವಿದೆ. ಮೊಣಕೈಯ ಒಳಭಾಗದ ಚರ್ಮ ತೆಳುವಾಗಿಯೂ ನಯವಾಗಿಯೂ ಇರುವುದರಿಂದ ಪರೀಕ್ಷೆಗೆ ಅದು ಸೂಕ್ತ. ಅಲ್ಲಿ ಪ್ರೈಮರ್ (ಬಣ್ಣ ಹಿಡಿದು ನಿಲ್ಲಲೆಂದು ಮೊದಲು ಹಚ್ಚುವ ಲೇಪ) ಆಗಲಿ ಕ್ರೀಮ್ ಆಗಲಿ ಇರಬಾರದು, ಏಕೆಂದರೆ ಅಂಟಾದ ಮೇಲ್ಮೈ ಕಳಪೆ ಪುಡಿಯ ದೋಷವನ್ನು ಮುಚ್ಚಿಬಿಡುತ್ತದೆ.

ಮೊದಲು ಪ್ಯಾಲೆಟ್‌ನಲ್ಲಿರುವ ಅತ್ಯಂತ ಗಾಢವಾದ ಮ್ಯಾಟ್ ಬಣ್ಣವನ್ನು ಆರಿಸಿ. ಕಪ್ಪು, ಕಡುನೀಲಿ, ನೇರಳೆ ಇವು ಪುಡಿ ತಯಾರಕರಿಗೆ ಕಷ್ಟಕೊಡುವ ಬಣ್ಣಗಳು. ಇವು ಚೆನ್ನಾಗಿದ್ದರೆ ಉಳಿದವೂ ಚೆನ್ನಾಗಿರುವ ಸಂಭವ ಹೆಚ್ಚು. ಬ್ರಷ್ಷನ್ನು ಒಮ್ಮೆ ಮಾತ್ರ ಮೆಲ್ಲಗೆ ಒತ್ತಿ, ಕಾಗದದ ಮೇಲೆ ಒಂದು ಸಲ ತಟ್ಟಿ. ಉದುರುವ ಪುಡಿ ಎಷ್ಟೆಂದು ಕಾಗದವೇ ತೋರಿಸುತ್ತದೆ. ಸ್ವಲ್ಪ ಉದುರುವುದು ದೋಷವಲ್ಲ. ಮೃದುವಾಗಿ ಒತ್ತಿದ ಪುಡಿ ಬಣ್ಣವನ್ನು ಧಾರಾಳವಾಗಿ ಕೊಡುತ್ತದೆ, ಜೊತೆಗೆ ಒಂದಿಷ್ಟು ಏಳುತ್ತದೆ. ತಟ್ಟಿದ ಮೇಲೆಯೂ ಬ್ರಷ್‌ನಿಂದ ಕೆನ್ನೆಯ ಮೇಲೆ ಬೀಳುವಷ್ಟು ಸಡಿಲವಾಗಿದ್ದರೆ ಅದು ದಿನಬಳಕೆಗೆ ತೊಂದರೆ ಕೊಡುತ್ತದೆ.

ಈಗ ಆ ಬಣ್ಣವನ್ನು ತೋಳಿನ ಮೇಲೆ ಹಚ್ಚಿ, ಸ್ವಚ್ಛ ಬ್ರಷ್‌ನಿಂದ ಅದರ ಒಂದು ಅಂಚನ್ನು ಮಾತ್ರ ಸಣ್ಣ ಸುತ್ತುಗಳಲ್ಲಿ ಬೆರೆಸಿ. ಒಳ್ಳೆಯ ಮ್ಯಾಟ್ ಅಂಚಿನಲ್ಲಿ ಕ್ರಮೇಣ ತಿಳಿಯಾಗುತ್ತ ಹೋಗಿ ನಡುವೆ ತನ್ನ ಗಾಢತೆಯನ್ನು ಉಳಿಸಿಕೊಳ್ಳುತ್ತದೆ. ಕಳಪೆಯಾದದ್ದು ಎರಡರಲ್ಲೊಂದು ರೀತಿ ವರ್ತಿಸುತ್ತದೆ: ಇದ್ದಲ್ಲಿಯೇ ಕಲೆಯಾಗಿ ಕುಳಿತು ಅಲುಗುವುದಿಲ್ಲ, ಇಲ್ಲವೇ ಬೆರೆಸಿದಷ್ಟೂ ಮಾಯವಾಗಿ ಅಲ್ಲಲ್ಲಿ ಬೋಳು ಬಿಡುತ್ತದೆ. ಬಳಿಕ ಅದರ ಪಕ್ಕದಲ್ಲಿ ಮಧ್ಯಮ ಛಾಯೆಯ ಇನ್ನೊಂದು ಮ್ಯಾಟ್ ಹಚ್ಚಿ ಎರಡನ್ನೂ ಗಡಿಯಲ್ಲಿ ಸೇರಿಸಿ. ಎರಡೂ ತಮ್ಮತನ ಉಳಿಸಿಕೊಂಡು ನಡುವೆ ಮೂರನೆಯ ಛಾಯೆಯೊಂದು ಮೂಡಿದರೆ ಆ ಪ್ಯಾಲೆಟ್ ಪರೀಕ್ಷೆಯಲ್ಲಿ ಗೆದ್ದಂತೆ. ಎರಡೂ ಕಲೆತು ಕೆಸರಿನ ಬಣ್ಣವಾದರೆ ರೆಪ್ಪೆಯ ಮೇಲೂ ಆಗುವುದು ಅದೇ. ಶಿಮ್ಮರ್‌ಗಳನ್ನು ಕೊನೆಯಲ್ಲಿ, ಒಣ ಬ್ರಷ್‌ನಿಂದಲೂ ಬೆರಳಿನಿಂದಲೂ ಹಚ್ಚಿ ಹೋಲಿಸಿದರೆ ಸಾಕು.

ತಕ್ಷಣ ಕೊಳ್ಳದೆ ಹೊರಗೆ ಬಂದು ಹಗಲು ಬೆಳಕಿನಲ್ಲಿ ತೋಳನ್ನು ನೋಡಿ, ಕೆಲವು ಗಂಟೆ ಹಾಗೆಯೇ ಬಿಡಿ. ಅಂಗಡಿಯ ದೀಪಗಳು ಹೊಳಪನ್ನು ಹೆಚ್ಚಿಸಿ ತೋರಿಸುತ್ತವೆ, ಬೂದುತನವನ್ನು ಅಡಗಿಸುತ್ತವೆ.

ನಿಮ್ಮ ಚರ್ಮದ ಬಣ್ಣವೇ ಅಳತೆಗೋಲು

ಮಾರಾಟಕ್ಕೆ ಇಟ್ಟ ಪ್ಯಾಲೆಟ್ ಎಲ್ಲರ ಮೇಲೂ ಒಂದೇ ಬಗೆಯಲ್ಲಿ ಕಾಣುವುದಿಲ್ಲ. ತಿಳಿ ಬಣ್ಣಗಳಿಗೆ ಟೈಟಾನಿಯಂ ಡೈಆಕ್ಸೈಡ್‌ನ ಬಿಳುಪನ್ನು ಧಾರಾಳವಾಗಿ ಸೇರಿಸಿದ್ದರೆ, ಅವು ಕಂದು ಚರ್ಮದ ಮೇಲೆ ಸುಣ್ಣ ಬಳಿದಂತೆ ಕಾಣುತ್ತವೆ. ತಿಳಿ ಚರ್ಮದವರಿಗೆ ರೆಪ್ಪೆಯ ಮಡಿಕೆಯ ನೆರಳಾಗಿ ಒದಗುವ ನಸುಗಂದು, ಗಾಢ ಚರ್ಮದವರ ಮೇಲೆ ಕಾಣಿಸದೆಯೇ ಹೋಗಬಹುದು. ಆದ್ದರಿಂದ ಪ್ಯಾಲೆಟ್‌ನಲ್ಲಿ ನಿಮ್ಮ ಚರ್ಮಕ್ಕಿಂತ ಒಂದೆರಡು ಛಾಯೆ ಗಾಢವಾದ ಮ್ಯಾಟ್ ಒಂದು, ಅದಕ್ಕಿಂತ ಇನ್ನೂ ಸ್ಪಷ್ಟವಾಗಿ ಗಾಢವಾದದ್ದು ಒಂದು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇವೆರಡೂ ಇಲ್ಲದಿದ್ದರೆ ಉಳಿದ ಹತ್ತು ಬಣ್ಣಗಳು ಎಷ್ಟೇ ಸುಂದರವಾಗಿದ್ದರೂ ಆ ಪೆಟ್ಟಿಗೆಯೊಂದರಿಂದಲೇ ಕಣ್ಣಿನ ಅಲಂಕಾರ ಪೂರ್ಣವಾಗುವುದಿಲ್ಲ. ಅಂತರ್ಜಾಲದ ಸ್ವಾಚ್ (ಬಣ್ಣವನ್ನು ಚರ್ಮದ ಮೇಲೆ ಸವರಿ ತೋರಿಸುವ) ಚಿತ್ರಗಳನ್ನು ನೋಡುವಾಗಲೂ ನಿಮ್ಮಂಥದೇ ಚರ್ಮದವರ ಚಿತ್ರಗಳನ್ನು ಹುಡುಕಿ. ಪ್ರೈಮರ್ ಮೇಲೆ ಎರಡು ಮೂರು ಸಲ ಹಚ್ಚಿದ ದಪ್ಪ ಪಟ್ಟಿಗಳಿಗಿಂತ ರೆಪ್ಪೆಯ ಮೇಲೆ ಬೆರೆಸಿ ತೋರಿಸಿದ ಚಿತ್ರವೇ ಹೆಚ್ಚು ನಂಬಿಕೆಗೆ ಅರ್ಹ.

ಲೇಬಲ್ಲಿನಲ್ಲಿ ಓದಬೇಕಾದದ್ದು

ಅಮೆರಿಕದಲ್ಲಿ ಕಣ್ಣಿನ ಸುತ್ತ ಬಳಸಬಹುದಾದ ಬಣ್ಣಗಳಿಗೆ ಆ ದೇಶದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಪ್ರತ್ಯೇಕ ಪಟ್ಟಿ ಇಟ್ಟಿದೆ. ಯುರೋಪಿನ ನಿಯಮಗಳು ಬೇರೆ. ಕೆಲವು ಉಜ್ವಲ ಗುಲಾಬಿ, ಕೆಂಪು, ನೇರಳೆ ಬಣ್ಣಗಳು ‘ಪ್ರೆಸ್ಡ್ ಪಿಗ್ಮೆಂಟ್’ ಎಂಬ ಹೆಸರಿನಲ್ಲಿ, ಕಣ್ಣಿನ ಹತ್ತಿರ ಬಳಕೆಗಲ್ಲ ಎಂಬ ಸೂಚನೆಯೊಂದಿಗೆ ಬರುವುದು ಇದೇ ಕಾರಣಕ್ಕೆ. ಅಂಥ ಬಣ್ಣಗಳು ಕೆಲವರ ರೆಪ್ಪೆಯ ಮೇಲೆ ಕಲೆ ಬಿಡಬಹುದು ಅಥವಾ ಉರಿ ತರಬಹುದು. ಸಿಐ 75470 ಎಂದಿದ್ದರೆ ಅದು ಕಾರ್ಮೈನ್, ಕೀಟಗಳಿಂದ ತೆಗೆದ ಕೆಂಪು. ಪ್ರಾಣಿಜನ್ಯ ವಸ್ತುಗಳನ್ನು ಬಳಸದವರೂ ಅದರ ಅಲರ್ಜಿ ಇರುವವರೂ ಇದನ್ನು ಗಮನಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ದಪ್ಪ ಗ್ಲಿಟರ್ ಇರುವ ಪ್ಯಾಲೆಟ್‌ಗಳನ್ನು ಬಿಡುವುದೇ ಒಳ್ಳೆಯದು, ಏಕೆಂದರೆ ಕಣ್ಣಿಗೆ ಬಿದ್ದ ಚಕ್ಕೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಗೀರಬಲ್ಲದು. ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಅಥವಾ 24ಎಂ ಎಂದಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳೊಳಗೆ ಬಳಸಬೇಕೆಂದು ಅರ್ಥ.

ಕೊಳ್ಳುವಾಗ ಮತ್ತು ಕೊಂಡ ಮೇಲೆ

ಹೆಸರಾಂತ ಪ್ಯಾಲೆಟ್‌ಗಳ ನಕಲುಗಳು ಬಹಳವಾಗಿ ಮಾರಾಟವಾಗುತ್ತವೆ, ಕಣ್ಣಿಗೆ ಹಚ್ಚುವ ನಕಲಿಯಲ್ಲಿ ಏನಿದೆಯೆಂದು ಯಾರೂ ಹೇಳಲಾರರು. ಬ್ರ್ಯಾಂಡ್‌ನ ಅಧಿಕೃತ ಮಾರಾಟಗಾರರಲ್ಲಿಯೇ ಕೊಳ್ಳಿ. ನಂಬಲಾಗದಷ್ಟು ರಿಯಾಯಿತಿ ಕಂಡರೆ ನಂಬಬೇಡಿ. ‘ಸೀಮಿತ ಆವೃತ್ತಿ’ ಎಂಬ ಮಾತು ಕೊಳ್ಳಲು ಅವಸರಪಡಿಸುತ್ತದೆಯೇ ಹೊರತು ಪುಡಿಯ ಗುಣವನ್ನು ಹೆಚ್ಚಿಸುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಬೇಕಾದ ಬಣ್ಣಗಳು ಮೂರು ನಾಲ್ಕೇ ಆಗಿದ್ದರೆ, ಬಿಡಿ ಬಣ್ಣಗಳನ್ನು ಕೊಂಡು ಆಯಸ್ಕಾಂತದ ಖಾಲಿ ಪೆಟ್ಟಿಗೆಯಲ್ಲಿ ಜೋಡಿಸಿಕೊಳ್ಳುವ ದಾರಿಯೂ ಇದೆ. ಹಲವು ಬ್ರ್ಯಾಂಡ್‌ಗಳ ಬಿಡಿ ಪ್ಯಾನ್‌ಗಳು 26 ಮಿಲಿಮೀಟರ್ ಅಗಲದವು, ಒಂದೇ ಪೆಟ್ಟಿಗೆಯಲ್ಲಿ ಬೆರೆತು ಕೂರುತ್ತವೆ. ನನ್ನ ದೃಷ್ಟಿಯಲ್ಲಿ ಅನೇಕರಿಗೆ ಇದೇ ಹೆಚ್ಚು ಲಾಭದ ಆಯ್ಕೆ.

ಮನೆಗೆ ತಂದ ಪ್ಯಾಲೆಟ್ಟನ್ನು ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ರೆಪ್ಪೆಯ ಮೇಲೆ ಇಡೀ ದಿನ ಪರೀಕ್ಷಿಸಿ. ಆದರೆ ತೆರೆದು ಬಳಸಿದ್ದನ್ನು ಆ ಅಂಗಡಿ ಹಿಂದಕ್ಕೆ ತೆಗೆದುಕೊಳ್ಳುತ್ತದೆಯೇ ಎಂದು ಮೊದಲೇ ಕೇಳಿಕೊಂಡಿರಿ. ತೆರೆದ ದಿನಾಂಕವನ್ನು ಡಬ್ಬಿಯ ಹಿಂಬದಿಯಲ್ಲಿ ಬರೆದಿಡಿ. ಒದ್ದೆ ಬ್ರಷ್ಷನ್ನು ನೇರವಾಗಿ ಮ್ಯಾಟ್ ಬಣ್ಣಗಳಿಗೆ ಅದ್ದಬೇಡಿ. ಬೆರಳಿನ ಜಿಡ್ಡು ಪದೇಪದೇ ತಾಗಿ ಪುಡಿಯ ಮೇಲೆ ಗಟ್ಟಿ ಹೊಳಪಿನ ಪದರ ಕಟ್ಟಿದರೆ ಬಣ್ಣ ಬರುವುದೇ ನಿಂತುಹೋಗುತ್ತದೆ. ಆಗ ಪ್ಯಾಲೆಟ್ ಕೆಟ್ಟಿತೆಂದು ಎಸೆಯಬೇಕಿಲ್ಲ. ಪಾರದರ್ಶಕ ಟೇಪಿನ ತುಂಡೊಂದನ್ನು ಆ ಬಣ್ಣದ ಮೇಲೆ ಹಗುರವಾಗಿ ಅಂಟಿಸಿ ಎತ್ತಿದರೆ ಪದರ ಕಿತ್ತುಬರುತ್ತದೆ, ಕೆಳಗಿನ ಪುಡಿ ಮೊದಲಿನಂತೆಯೇ ಬ್ರಷ್‌ಗೆ ಹತ್ತುತ್ತದೆ.